ಕೈಲಾಸದ ದಾರಿಯಲ್ಲಿ ಅರ್ಧ ಉಸಿರು

ಮೈಸೂರಿನಿಂದ ಮಡಿಕೇರಿಗೆ ಹೊರಟ ಬಸ್ಸು ಬಿಳಿಕೆರೆ, ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣಗಳನ್ನು ಹಿಂದೆ ಹಾಕಿ ಬೈಲಕುಪ್ಪೆಯನ್ನು ಸಮೀಪಿಸುತ್ತಿದ್ದಂತೆ ಕಿಟಕಿಯ ಹೊರಗಿನ ನೋಟವೇ ಬೇರೆಯಾಗುತ್ತದೆ. ಹೊಗೆಸೊಪ್ಪು, ಮುಸುಕಿನ ಜೋಳದ ಹೊಲಗಳ ನಡುವೆ ಗಾಳಿಗೆ ಪಟಪಟನೆ ಬಡಿದುಕೊಳ್ಳುವ ಐದು ಬಣ್ಣದ ಪತಾಕೆಗಳು. ಕಡುಗೆಂಪು ವಸ್ತ್ರ ತೊಟ್ಟ ಬಾಲಭಿಕ್ಷುಗಳು. ಜಪಚಕ್ರ ತಿರುಗಿಸುತ್ತ ನಿಧಾನವಾಗಿ ನಡೆಯುವ ಅಜ್ಜಿಯರು. ಈ ಜನ ಗಾಂಗ್ ರಿಂಪೋಚೆ ಎಂದು ಕೈ ಮುಗಿಯುವ ಬೆಟ್ಟವೊಂದುಂಟು. ‘ಹಿಮದ ರತ್ನ’ ಎಂದು ಅದರ ಅರ್ಥ. ಅದೇ ಬೆಟ್ಟಕ್ಕೆ ರಸ್ತೆಯ ಈಚೆ ಬದಿಯ ಕನ್ನಡಿಗರು ಕೈಲಾಸ ಎನ್ನುತ್ತಾರೆ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ನಿಂತ ಬಾಹುಬಲಿಯ ತಂದೆ ಋಷಭದೇವನು ನಿರ್ವಾಣ ಹೊಂದಿದ್ದು ಅಲ್ಲಿಯೇ ಎಂದು ಜೈನರು ನಂಬುತ್ತಾರೆ. ಅವರಿಗೆ ಅದು ಅಷ್ಟಾಪದ. ಒಂದೇ ಹೋಬಳಿಯ ಅಳತೆಯ ಸೀಮೆಯಲ್ಲಿ ಒಂದು ಬೆಟ್ಟಕ್ಕೆ ಮೂರು ಹೆಸರು. ಬೆಟ್ಟ ಮಾತ್ರ ಚೀನಾದ ಆಡಳಿತದಲ್ಲಿರುವ ಟಿಬೆಟ್ಟಿನ ಪಶ್ಚಿಮ ಮೂಲೆಯಲ್ಲಿದೆ. ಪಾಸ್‌ಪೋರ್ಟು, ವೀಸಾಗಳಿಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ.

ಕೈಲಾಸವನ್ನು ಯಾರೂ ಹತ್ತುವುದಿಲ್ಲ. ಅದರ ಎತ್ತರ 6,638 ಮೀಟರ್. ಎವರೆಸ್ಟಿಗೆ ಹೋಲಿಸಿದರೆ ಎರಡು ಕಿಲೋಮೀಟರಿಗೂ ಹೆಚ್ಚು ಕುಳ್ಳು. ಆದರೂ ಅದರ ನೆತ್ತಿಯ ಮೇಲೆ ಮನುಷ್ಯನ ಹೆಜ್ಜೆ ಬಿದ್ದ ದಾಖಲೆ ಇಲ್ಲ. ಹೋದವರು ಅದರ ಸುತ್ತ 52 ಕಿಲೋಮೀಟರ್ ಪ್ರದಕ್ಷಿಣೆ ಬರುತ್ತಾರೆ, ಅಷ್ಟೆ. ಆ ಸುತ್ತಿನ ನಡುವೆ ಒಂದು ಏರು ಉಂಟು. ಅದರ ಹೆಸರು ಡೋಲ್ಮಾ ಲಾ. ‘ಲಾ’ ಎಂದರೆ ಟಿಬೆಟ್ಟಿನ ಭಾಷೆಯಲ್ಲಿ ಕಣಿವೆದಾರಿ. ಡೋಲ್ಮಾ ಎಂದರೆ ತಾರಾದೇವಿ. ಎತ್ತರ ಸುಮಾರು 5,630 ಮೀಟರ್. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಊರುಗಳೆಲ್ಲ ಸಮುದ್ರಮಟ್ಟದಿಂದ ಏಳೆಂಟುನೂರು ಮೀಟರ್ ಎತ್ತರದಲ್ಲಿವೆ. ಈ ನೆಲದ ಶ್ವಾಸಕೋಶವೊಂದು ಆ ಏರನ್ನು ಹೇಗೆ ಹತ್ತುತ್ತದೆ, ಕೆಲವೊಮ್ಮೆ ಏಕೆ ಹತ್ತಲಾರದೆ ಹಿಂದಿರುಗುತ್ತದೆ ಎಂಬುದು ತರಗತಿಯ ಪಾಠಕ್ಕಿಂತ ಹೆಚ್ಚು ರೋಚಕವಾದ ವಿಷಯ.

ಹೊರಡುವ ಮುನ್ನ

1962ರ ಯುದ್ಧದಿಂದ ಮುಚ್ಚಿಹೋಗಿದ್ದ ಈ ದಾರಿ ಭಾರತದ ಯಾತ್ರಿಗಳಿಗೆ ಮತ್ತೆ ತೆರೆದದ್ದು 1981ರಲ್ಲಿ. ಅಂದಿನಿಂದ ವಿದೇಶಾಂಗ ಸಚಿವಾಲಯವೇ ಯಾತ್ರೆಯನ್ನು ನಡೆಸುತ್ತಿದೆ. ಉತ್ತರಾಖಂಡದ ಲಿಪುಲೇಖ್ ಕಣಿವೆಯ ಮೂಲಕ ಹೋಗುವುದು ಹಳೆಯ ದಾರಿ. ಸಿಕ್ಕಿಮಿನ ನಾಥು ಲಾ ಮೂಲಕ ಮತ್ತೊಂದು ದಾರಿ 2015ರಲ್ಲಿ ತೆರೆಯಿತು. 2020ರಿಂದ ಐದು ವರ್ಷ ಎರಡೂ ಮುಚ್ಚಿದ್ದು, 2025ರ ಬೇಸಗೆಯಲ್ಲಿ ಪುನಃ ಆರಂಭವಾದವು. ಆ ವರ್ಷ ಲಿಪುಲೇಖ್ ಮೂಲಕ ಐವತ್ತು ಮಂದಿಯ ಐದು ತಂಡಗಳಿಗೂ ನಾಥು ಲಾ ಮೂಲಕ ಹತ್ತು ತಂಡಗಳಿಗೂ ಅವಕಾಶ ದೊರೆಯಿತು. ದೇಶಕ್ಕೆಲ್ಲ 750 ಜನ. ಅರ್ಜಿಗಳು ಅದರ ಎಷ್ಟೋ ಪಾಲು ಹೆಚ್ಚು ಬರುವುದರಿಂದ ಕಂಪ್ಯೂಟರ್ ಲಾಟರಿಯಲ್ಲಿ ಹೆಸರು ಬರಬೇಕು. ಒಬ್ಬೊಬ್ಬರಿಗೆ ತಗಲುವ ವೆಚ್ಚ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಹೋಗಿಬಂದ ಕರ್ನಾಟಕದ ಯಾತ್ರಿಗಳಿಗೆ ಮುಜರಾಯಿ ಇಲಾಖೆಯಿಂದ ಸಹಾಯಧನ ಕೊಡುವ ಪದ್ಧತಿಯೂ ಉಂಟು.

ವಯಸ್ಸು 18ರಿಂದ 70ರ ಒಳಗಿರಬೇಕು. ಆದ್ದರಿಂದ ಹೈಸ್ಕೂಲಿನ ವಿದ್ಯಾರ್ಥಿಗಳಿಗೆ ಸದ್ಯಕ್ಕೆ ಪ್ರವೇಶವಿಲ್ಲ. ಅವರ ಅಪ್ಪ ಅಮ್ಮಂದಿರಿಗೆ ಉಂಟು. ಮತ್ತೊಂದು ಷರತ್ತು ಅಪ್ಪ ಅಮ್ಮಂದಿರನ್ನು ಸ್ವಲ್ಪ ಕಸಿವಿಸಿಗೆ ಗುರಿಪಡಿಸುವಂಥದು. ಕಿಲೋಗ್ರಾಮಿನಲ್ಲಿ ತೂಕವನ್ನು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ 25ನ್ನು ಮೀರಕೂಡದು. ಐದಡಿ ಐದಂಗುಲದ, ಅಂದರೆ 165 ಸೆಂಟಿಮೀಟರಿನ ಒಬ್ಬರು 68 ಕಿಲೋಗಿಂತ ಹೆಚ್ಚು ತೂಗುವಂತಿಲ್ಲ. ಮನೆಯಲ್ಲಿ ಮಕ್ಕಳೇ ಈ ಲೆಕ್ಕ ಮಾಡಿ ಹೇಳಬಹುದು. ಉತ್ತರ ಕೇಳಿ ಯಾರೂ ಸಿಟ್ಟಾಗಬಾರದು.

ಲಾಟರಿಯಲ್ಲಿ ಹೆಸರು ಬಂದೊಡನೆ ಕಾಲುಗಳಿಗೆ ಕೆಲಸ ಶುರುವಾಗಬೇಕು. ಈ ಸೀಮೆಯವರಿಗೆ ಅದಕ್ಕೆ ಒಳ್ಳೆಯ ಸ್ಥಳ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ. ಸಿಡಿಲು ಮಲ್ಲಿಕಾರ್ಜುನನ ಗುಡಿಯವರೆಗೆ ಮೂರು ಸಾವಿರದಷ್ಟು ಮೆಟ್ಟಿಲು. ಬೆನ್ನಿಗೆ ನಾಲ್ಕೈದು ಕಿಲೋ ಹೊರೆ ಹಾಕಿಕೊಂಡು ವಾರಕ್ಕೆರಡು ಸಲ ಹತ್ತಿ ಇಳಿದರೆ ತೊಡೆ, ಮೀನಖಂಡ, ಮಂಡಿಗಳು ಪಳಗುತ್ತವೆ. ಗದ್ದೆಬಯಲಿನ ಕೃಷ್ಣರಾಜನಗರದವರಿಗೆ ಇದು ಹೆಚ್ಚು ಅಗತ್ಯ. ಕಬಿನಿ ಸೀಮೆಯವರಿಗೆ ಹತ್ತಿರದಲ್ಲಿ ಚಿಕ್ಕದೇವಮ್ಮನ ಬೆಟ್ಟವಿದೆ. ಆದರೆ ಒಂದು ಮಾತನ್ನು ನೆನಪಿಡಬೇಕು. ಇಲ್ಲಿ ಪಳಗುವುದು ಕಾಲು ಮತ್ತು ಹೃದಯ ಮಾತ್ರ. ಬೆಟ್ಟದಪುರದ ತುದಿ 1,300 ಮೀಟರನ್ನು ಸ್ವಲ್ಪ ಮೀರುತ್ತದೆ, ಅಷ್ಟೆ. ಅಲ್ಲಿನ ಗಾಳಿಗೂ ಹುಣಸೂರು ಸಂತೆಯ ಗಾಳಿಗೂ ರಕ್ತ ಗುರುತಿಸುವಷ್ಟು ವ್ಯತ್ಯಾಸವಿಲ್ಲ. ಬೆಟ್ಟದಪುರವನ್ನು ಅರ್ಧ ಗಂಟೆಯಲ್ಲಿ ಹತ್ತುವ ಹುಡುಗನೂ ಡೋಲ್ಮಾ ಲಾದ ಮುಂದೆ ಹೊಸಬನೇ.

ಗಾಳಿ ಎಲ್ಲಿ ಹೋಯಿತು?

ಎತ್ತರದಲ್ಲಿ ಆಮ್ಲಜನಕದ ಶೇಕಡಾ ಪ್ರಮಾಣ ಕಡಿಮೆಯಾಗುತ್ತದೆ ಎಂದು ಬಹಳ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅದು ತಪ್ಪು. ಹುಣಸೂರಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಭಾಗ. ಡೋಲ್ಮಾ ಲಾದಲ್ಲಿಯೂ 21 ಭಾಗ. ಕಡಿಮೆಯಾಗುವುದು ಗಾಳಿಯ ಒತ್ತಡ. ವಾಯುಮಂಡಲವೆಂಬುದು ಹತ್ತಿಯ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದ ರಾಶಿಯಂತೆ. ಅಡಿಯ ಮೂಟೆ ಮೇಲಿನವುಗಳ ಭಾರಕ್ಕೆ ಅದುಮಿ ಗಟ್ಟಿಯಾಗಿರುತ್ತದೆ. ಮೇಲೆ ಹೋದಂತೆ ಹತ್ತಿ ಸಡಿಲ. ಸಮುದ್ರತೀರದ ವಾಯುಭಾರವನ್ನು ನೂರು ಎಂದಿಟ್ಟುಕೊಂಡರೆ ಹುಣಸೂರಿನಲ್ಲಿ ಅದು ಸುಮಾರು 91, ಬೆಟ್ಟದಪುರದ ತುದಿಯಲ್ಲಿ 86. ಲಿಪುಲೇಖ್ ದಾರಿಯ ಗುಂಜಿ ಎಂಬಲ್ಲಿ ಮೂರನೆಯ ಎರಡು ಪಾಲು. ಮಾನಸ ಸರೋವರದ ದಡದಲ್ಲಿ 56ರಷ್ಟು. ಡೋಲ್ಮಾ ಲಾದಲ್ಲಿ ಹೆಚ್ಚುಕಡಿಮೆ ಅರ್ಧ. ಎದೆ ತುಂಬ ಎಳೆದುಕೊಂಡರೂ ಒಳಗೆ ಬರುವುದು ಅರ್ಧ ಉಸಿರು.

ಇದನ್ನು ಕಣ್ಣಾರೆ ಕಾಣಲು ಉಪಕರಣಗಳೇನೂ ಬೇಡ. ಊರಿನಿಂದ ಕಟ್ಟಿಕೊಂಡು ಹೋದ ಚಿಪ್ಸ್ ಪೊಟ್ಟಣ ಬೆಟ್ಟದ ಮೇಲೆ ಬಲೂನಿನಂತೆ ಉಬ್ಬುತ್ತದೆ. ಡೋಲ್ಮಾ ಲಾದ ಮೇಲೆ ಖಾಲಿ ನೀರಿನ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ತಂದರೆ, ಊರಿಗೆ ಬರುವಷ್ಟರಲ್ಲಿ ಅದು ಯಾರೋ ಹಿಂಡಿದಂತೆ ಸೊಟ್ಟಗಾಗಿರುತ್ತದೆ. ಶಾಲೆಯ ಪ್ರಯೋಗಶಾಲೆಗೆ ಇದಕ್ಕಿಂತ ಅಗ್ಗದ ಕೊಡುಗೆ ಬೇರೊಂದಿಲ್ಲ.

ಅಡುಗೆಯವರಿಗೂ ಈ ಪಾಠ ಬೇಗ ತಿಳಿಯುತ್ತದೆ. ಹುಣಸೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ; ಮಾನಸ ಸರೋವರದ ದಡದಲ್ಲಿ 85 ಡಿಗ್ರಿಯೊಳಗೇ ಕೊತಕೊತ ಎನ್ನುತ್ತದೆ. ಉರಿ ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಬೇಗ ಆವಿಯಾಗುತ್ತದೆ ಅಷ್ಟೆ. ಪ್ರೆಷರ್ ಕುಕ್ಕರ್ ಇಲ್ಲದೆ ಬೇಳೆ ಬೇಯಿಸಹೊರಟವರು ಅರ್ಧ ದಿನ ಕಾದು ಕೈಬಿಡುತ್ತಾರೆ. ಟಿಬೆಟ್ಟಿನವರು ಸಾವಿರಾರು ವರ್ಷಗಳ ಅನುಭವದಿಂದ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಬಾರ್ಲಿಯನ್ನು ಹುರಿದು ಬೀಸಿ ಹಿಟ್ಟು ಮಾಡಿ, ಬೆಣ್ಣೆ ಹಾಕಿದ ಚಹಾದಲ್ಲಿ ಕಲಸಿ ತಿನ್ನುತ್ತಾರೆ. ಅದಕ್ಕೆ ತ್ಸಾಂಪಾ ಎಂದು ಹೆಸರು. ಹೆಗ್ಗಡದೇವನಕೋಟೆಯ ಅಜ್ಜಿಯರು ಮಾಡುವ ರಾಗಿ ಹುರಿಹಿಟ್ಟಿನ ದೂರದ ನೆಂಟನೆನ್ನಬಹುದು. ಹುರಿಯುವಾಗಲೇ ಧಾನ್ಯ ಬೆಂದಿರುವುದರಿಂದ ಮುಂದೆ ನೀರು ಎಷ್ಟು ಡಿಗ್ರಿಯಲ್ಲಿ ಕುದಿದರೂ ಚಿಂತೆಯಿಲ್ಲ.

ಐವತ್ತು ಜನರ ಒಂದು ಊರು

ಯಾತ್ರಿಗಳೆಲ್ಲ ಮೊದಲು ದೆಹಲಿಯಲ್ಲಿ ಕೂಡುತ್ತಾರೆ. ಅಲ್ಲಿ ರಕ್ತ, ಎದೆಯ ಚಿತ್ರ, ಟ್ರೆಡ್‌ಮಿಲ್ ಮೇಲೆ ಹೃದಯದ ಪರೀಕ್ಷೆ. ಒಂದಷ್ಟು ಮಂದಿ ಅಲ್ಲಿಂದಲೇ ಊರಿಗೆ ಮರಳಬೇಕಾಗುತ್ತದೆ. ಉಳಿದವರು ಒಂದು ತಂಡ. ಗುಜರಾತಿನ ವ್ಯಾಪಾರಿ, ತಮಿಳುನಾಡಿನ ನಿವೃತ್ತ ಗುಮಾಸ್ತೆ, ಕರ್ನಾಟಕದ ರೈತ ಎಂಬ ಭೇದವಿಲ್ಲದೆ ಒಂದೇ ಡೇರೆ, ಒಂದೇ ಬಾಣಲೆ. ಸರಕಾರದ ಸಂಪರ್ಕಾಧಿಕಾರಿ ಜೊತೆಗಿರುತ್ತಾರೆ. ಟಿಬೆಟ್ಟಿನ ಭಾಗದಲ್ಲಿ ಊಟದ ವ್ಯವಸ್ಥೆಯನ್ನು ಯಾತ್ರಿಗಳೇ ನೋಡಿಕೊಳ್ಳಬೇಕಾಗಿದ್ದ ಕಾಲದಲ್ಲಿ ಪ್ರತಿ ತಂಡವೂ ಆಹಾರ ಸಮಿತಿ, ಹಣಕಾಸು ಸಮಿತಿ, ಸಾಮಾನು ಸಮಿತಿಗಳನ್ನು ಮಾಡಿಕೊಂಡು, ಅಕ್ಕಿ ಬೇಳೆಗಳನ್ನು ದೆಹಲಿಯಿಂದಲೇ ಹೊತ್ತುಕೊಂಡು ಹೋಗುತ್ತಿತ್ತು. ಮದುವೆಮನೆಯ ಉಗ್ರಾಣಕ್ಕೂ ಅಷ್ಟು ಲೆಕ್ಕಾಚಾರ ಬೇಕಾಗದು.

ಹಿಂದೆ ಲಿಪುಲೇಖ್ ದಾರಿಯಲ್ಲಿ ಧಾರ್ಚುಲಾದ ಆಚೆ ಎಲ್ಲವೂ ಕಾಲ್ನಡಿಗೆ. ಕಾಳಿ ನದಿಯ ಕೊರಕಲಿನ ಅಂಚಿನಲ್ಲಿ, ಗಾಲಾ ಎಂಬಲ್ಲಿಂದ ಕೆಳಗಿಳಿಯುವ 4,444 ಮೆಟ್ಟಿಲುಗಳ ಮೇಲೆ, ಜಲಪಾತಗಳ ಕೆಳಗೆ ನೆನೆಯುತ್ತ ದಿನಗಟ್ಟಲೆ ನಡೆಯಬೇಕಿತ್ತು. ಆ ದಾರಿಯಲ್ಲಿ ಮಾಲ್ಪಾ ಎಂಬ ಪುಟ್ಟ ತಂಗುದಾಣವಿತ್ತು. 1998ರ ಆಗಸ್ಟ್ ತಿಂಗಳ ಒಂದು ರಾತ್ರಿ ಬೆಟ್ಟವೇ ಕುಸಿದು ಅದರ ಮೇಲೆ ಬಿತ್ತು. ಸತ್ತವರು 200ಕ್ಕೂ ಹೆಚ್ಚು. ಅವರಲ್ಲಿ 60 ಮಂದಿ ಕೈಲಾಸದ ಯಾತ್ರಿಗಳು. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ನೃತ್ಯಗ್ರಾಮವನ್ನು ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೋತಿಮಾ ಬೇಡಿ ಕೂಡ ಅವರೊಳಗಿದ್ದರು. ಹಿಮಾಲಯ ಇನ್ನೂ ಬೆಳೆಯುತ್ತಿರುವ, ಸಡಿಲ ಕಲ್ಲಿನ ಪರ್ವತ. ಮಳೆಗಾಲದಲ್ಲಿ ಅದರ ಇಳಿಜಾರುಗಳನ್ನು ನಂಬುವಂತಿಲ್ಲ.

2020ರಲ್ಲಿ ಲಿಪುಲೇಖಿನ ಸಮೀಪದವರೆಗೆ ಮೋಟಾರು ರಸ್ತೆ ಬಂತು. ಈ ಗಡಿಪ್ರದೇಶ ತನ್ನದೆಂದು ನೇಪಾಳ ಆಕ್ಷೇಪಿಸುತ್ತಿರುವುದು ಬೇರೆ ಮಾತು. ರಸ್ತೆಯಿಂದ ನಡಿಗೆಯ ಆಯಾಸ ತಪ್ಪಿದ್ದು ನಿಜ. ಆದರೆ ಶರೀರದ ಮಟ್ಟಿಗೆ ಅದು ಪೂರ್ತಿ ಉಪಕಾರವಲ್ಲ. ಆರೇಳು ದಿನ ನಡೆದು ಏರುವಾಗ ರಕ್ತವೂ ಜೊತೆಜೊತೆಗೆ ಹೊಂದಿಕೊಳ್ಳುತ್ತಿತ್ತು. ಜೀಪು ಆ ವ್ಯವಧಾನ ಕೊಡುವುದಿಲ್ಲ. ಅದಕ್ಕೆಂದೇ ಗುಂಜಿಯಲ್ಲಿ ತಂಡವನ್ನು ತಡೆದು ನಿಲ್ಲಿಸುತ್ತಾರೆ. ‘ನಾವು ಚೆನ್ನಾಗಿಯೇ ಇದ್ದೇವೆ, ಇಲ್ಲಿ ಸುಮ್ಮನೆ ಏಕೆ ಕೂರಬೇಕು’ ಎಂದು ಗೊಣಗುವವರು ಪ್ರತಿ ತಂಡದಲ್ಲಿಯೂ ಇರುತ್ತಾರೆ.

ಸುಮ್ಮನೆ ಕುಳಿತಾಗ ನಡೆಯುವ ಕೆಲಸ

ಆ ಎರಡು ದಿನಗಳಲ್ಲಿ ಒಳಗೆ ನಡೆಯುವ ಕೆಲಸ ಸಾಮಾನ್ಯವಾದುದಲ್ಲ. ಗಾಳಿ ತೆಳುವಾದೊಡನೆ ಉಸಿರಾಟ ವೇಗವಾಗುತ್ತದೆ. ವೇಗವಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮೆದುಳಿನ ಉಸಿರಾಟ ಕೇಂದ್ರ ‘ಸಾಕು, ನಿಧಾನ’ ಎನ್ನುತ್ತದೆ. ಒಂದೆಡೆ ಆಮ್ಲಜನಕ ಸಾಲದು ಎಂಬ ಕೂಗು, ಇನ್ನೊಂದೆಡೆ ನಿಧಾನಿಸು ಎಂಬ ಆಜ್ಞೆ. ಈ ಜಗಳವನ್ನು ಬಗೆಹರಿಸುವುದು ಮೂತ್ರಪಿಂಡಗಳು. ಅವು ಹೆಚ್ಚುವರಿ ಬೈಕಾರ್ಬೊನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಸಮಸ್ಥಿತಿಗೆ ತರುತ್ತವೆ. ಅದಕ್ಕೆ ಕೆಲವು ದಿನ ಬೇಕೇ ಬೇಕು. ಲಂಚ ಕೊಟ್ಟರೂ, ಹರಕೆ ಹೊತ್ತರೂ ಅವು ಅವಸರ ಮಾಡುವುದಿಲ್ಲ. ಇದೇ ಮೂತ್ರಪಿಂಡಗಳು ಎರಿಥ್ರೊಪೊಯೆಟಿನ್ ಎಂಬ ರಸದೂತವನ್ನೂ ಹೊರಡಿಸಿ ಹೆಚ್ಚು ಕೆಂಪು ಕಣಗಳನ್ನು ತಯಾರಿಸುವಂತೆ ಮೂಳೆಮಜ್ಜೆಗೆ ಹೇಳಿಕಳಿಸುತ್ತವೆ. ಅದರ ಫಲ ಕಾಣಲು ವಾರಗಳೇ ಬೇಕು.

ರಾತ್ರಿ ಡೇರೆಯಲ್ಲಿ ಮಲಗಿದಾಗ ಪಕ್ಕದವರ ಉಸಿರು ಹತ್ತು ಸೆಕೆಂಡು ನಿಂತೇಹೋಗುವುದುಂಟು. ಅನಂತರ ನೀರಿನಿಂದ ಮೇಲೆದ್ದವರಂತೆ ಒಮ್ಮೆಲೇ ಎಳೆದುಕೊಳ್ಳುತ್ತಾರೆ. ಮೊದಲ ಸಲ ಕಂಡವರು ಹೌಹಾರುತ್ತಾರೆ. ಮೇಲೆ ಹೇಳಿದ ಜಗಳದ ಸದ್ದೇ ಅದು; ಎತ್ತರದಲ್ಲಿ ಸಾಮಾನ್ಯ.

ಸಾಮಾನ್ಯವಲ್ಲದ ಲಕ್ಷಣಗಳು ಬೇರೆ ಇವೆ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ರೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಗುರುತುಗಳು. ಅಲ್ಲಿಗೇ ನಿಂತು ವಿಶ್ರಮಿಸಿದರೆ ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಗುಣವಾಗುತ್ತದೆ. ಲೆಕ್ಕಿಸದೆ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಕುಳಿತಲ್ಲಿಯೇ ಏದುಸಿರು, ಕೆಮ್ಮು, ನೊರೆಗಫ ಬರುತ್ತವೆ. ಇಲ್ಲವೆ ಮೆದುಳು ಊದಿಕೊಂಡು, ಕುಡಿದವರಂತೆ ಹೆಜ್ಜೆ ತಪ್ಪುತ್ತದೆ, ಮಾತು ಅಸಂಬದ್ಧವಾಗುತ್ತದೆ. ಎರಡೂ ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯಬಲ್ಲವು. ಆಮ್ಲಜನಕದ ಸಿಲಿಂಡರ್, ಔಷಧಿಗಳು ನೆರವಾಗುತ್ತವೆ. ಆದರೆ ನಿಜವಾದ ಚಿಕಿತ್ಸೆ ಒಂದೇ, ಕೆಳಗಿಳಿಸುವುದು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂಬುದು ವೈದ್ಯರ ಸಾಮಾನ್ಯ ಸೂತ್ರ.

ವ್ಯಾಯಾಮದಿಂದ ಹುರಿಗೊಂಡ ದೇಹ ಇದರಿಂದ ಪಾರು ಎಂದು ತಿಳಿಯುವುದು ಬಹಳ ಅಪಾಯದ ಭ್ರಮೆ. ಕಬಡ್ಡಿ ಆಟಗಾರನಿಗೆ ಬರಬಹುದು, ಪಕ್ಕದಲ್ಲಿ ಊರುಗೋಲು ಹಿಡಿದು ನಡೆಯುವ ಅರವತ್ತೈದರ ಅಜ್ಜಿಗೆ ಬಾರದಿರಬಹುದು. ತರುಣರು ಬೇಗಬೇಗ ಏರುವುದರಿಂದಲೂ, ತಲೆನೋವನ್ನು ಹೇಳಿಕೊಳ್ಳಲು ನಾಚುವುದರಿಂದಲೂ ಎಷ್ಟೋ ಸಲ ಮೊದಲು ಬೀಳುವವರು ಅವರೇ.

ಗುಂಜಿಯಲ್ಲಿ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ವೈದ್ಯರು ಎಲ್ಲರನ್ನೂ ಮತ್ತೆ ಪರೀಕ್ಷಿಸುತ್ತಾರೆ. ರಕ್ತದೊತ್ತಡ ಏರಿದ್ದವರು, ಉಸಿರು ಹೊಂದದವರು ಅಲ್ಲಿಂದಲೇ ಹಿಂದಿರುಗಬೇಕು. ಒಂದೂವರೆ ಲಕ್ಷ ಕಟ್ಟಿ, ವರ್ಷಗಳಿಂದ ಲಾಟರಿಗೆ ಕಾದು, ಊರಿನಲ್ಲಿ ಹಾರ ಹಾಕಿಸಿಕೊಂಡು ಹೊರಟವರಿಗೆ ಇದು ಎಂಥ ಪೆಟ್ಟು ಎಂದು ಊಹಿಸಬಹುದು. ಆದ್ದರಿಂದಲೇ ತಲೆನೋವಿನ ಮಾತ್ರೆ ನುಂಗಿ ‘ಏನೂ ಇಲ್ಲ ಡಾಕ್ಟರೇ’ ಎನ್ನುವ ಆಸೆ ಹುಟ್ಟುತ್ತದೆ. ಆ ಸುಳ್ಳು ಅಪಾಯಕ್ಕೆ ಒಡ್ಡುವುದು ಒಬ್ಬರನ್ನೇ ಅಲ್ಲ. ಡೋಲ್ಮಾ ಲಾದ ಮೇಲೆ ಒಬ್ಬರು ಕುಸಿದರೆ ಅವರನ್ನು ಹೊರುವವರು, ಅವರ ಜೊತೆ ನಿಲ್ಲುವವರು, ಅವರಿಗಾಗಿ ತಮ್ಮ ಸಿಲಿಂಡರ್ ಬಿಟ್ಟುಕೊಡುವವರು ಅದೇ ಐವತ್ತು ಜನರಲ್ಲಿನವರೇ. ಗುಂಜಿಯಿಂದ ಹಿಂದಿರುಗಿದವರನ್ನು ‘ಪುಣ್ಯವಿಲ್ಲದವರು’ ಎಂದು ಆಡಿಕೊಳ್ಳುವ ಊರವರೂ ಇದನ್ನು ಸ್ವಲ್ಪ ಯೋಚಿಸಬೇಕು.

ಖಾಸಗಿ ಸಂಸ್ಥೆಗಳ ಮೂಲಕ ನೇಪಾಳದ ದಾರಿ ಹಿಡಿಯುವ ಕರ್ನಾಟಕದವರೂ ಬಹಳ. ಅಲ್ಲಿ ದಿನಗಳು ಕಡಿಮೆ. ಕೆಲವರನ್ನು ಸಣ್ಣ ವಿಮಾನ, ಹೆಲಿಕಾಪ್ಟರುಗಳಲ್ಲಿ ಸಿಮಿಕೋಟ್, ಹಿಲ್ಸಾಗಳ ಮೂಲಕ ಒಯ್ಯುತ್ತಾರೆ. ದಿನ ಕಡಿಮೆಯಾದಷ್ಟೂ ಮೂತ್ರಪಿಂಡಗಳಿಗೆ ಸಿಗುವ ಸಮಯವೂ ಕಡಿಮೆ ಎಂಬುದನ್ನು ಬುಕಿಂಗ್ ಮಾಡುವಾಗ ಕೇಳಿ ತಿಳಿಯಬೇಕು. 2018ರ ಜುಲೈನಲ್ಲಿ ಹವೆ ಕೆಟ್ಟು ಹಾರಾಟ ನಿಂತಾಗ 1,500ಕ್ಕೂ ಹೆಚ್ಚು ಭಾರತೀಯರು ಈ ದಾರಿಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಸುಮಾರು 290 ಮಂದಿ ಕರ್ನಾಟಕದವರೇ. ಊರಿನಲ್ಲಿ ಮನೆಮಂದಿ ದೂರದರ್ಶನದ ಮುಂದೆ ಕುಳಿತು ಕಳೆದ ಆ ದಿನಗಳು ಈ ಜಿಲ್ಲೆಗಳಲ್ಲಿ ಹಲವರಿಗೆ ನೆನಪಿರಬಹುದು.

ಡೋಲ್ಮಾ ಲಾ

ಲಿಪುಲೇಖನ್ನು ದಾಟುವುದು ಬೆಳಗಿನ ಜಾವದಲ್ಲಿ, ಗಾಳಿ ಏಳುವ ಮುನ್ನ. ಕಣಿವೆಯ ನೆತ್ತಿಯಲ್ಲಿ ಭಾರತದ ಗಡಿಯಾರ ಏಳು ತೋರಿಸುತ್ತಿದ್ದರೆ, ಹತ್ತು ಹೆಜ್ಜೆ ಆಚೆ ಒಂಬತ್ತೂವರೆ. ಚೀನಾ ದೇಶಕ್ಕೆಲ್ಲ ಬೀಜಿಂಗಿನ ಸಮಯವೊಂದೇ. ರೇಖಾಂಶದ ಪಾಠವನ್ನು ಇಷ್ಟು ಚೆನ್ನಾಗಿ ಕಲಿಸುವ ಜಾಗ ಅಪರೂಪ. ಅಲ್ಲಿಂದ ತಕಲಾಕೋಟ್, ಮಾನಸ ಸರೋವರ, ದಾರ್ಚೆನ್. ಸರೋವರದ ನೀಲಿಯನ್ನು ಬಣ್ಣಿಸಿದವರು ಬೇಕಾದಷ್ಟಿದ್ದಾರೆ. ಇಲ್ಲಿ ಬೆಟ್ಟಕ್ಕೆ ಹೋಗೋಣ.

ಪ್ರದಕ್ಷಿಣೆಗೆ ಭಾರತದ ತಂಡಗಳು ಮೂರು ದಿನ ತೆಗೆದುಕೊಳ್ಳುತ್ತವೆ. ಮೊದಲ ದಿನದ ಸಂಜೆ ಡೆರಾಪುಕ್‌ನಲ್ಲಿ ಬೆಟ್ಟದ ಉತ್ತರ ಮುಖ ಎದುರಿಗೇ ನಿಲ್ಲುತ್ತದೆ. ಕಡಿದು ನಿಲ್ಲಿಸಿದಂಥ ಕಪ್ಪು ಗೋಡೆ, ಅದರ ಮೇಲೆ ಅಡ್ಡಡ್ಡ ಪಟ್ಟೆಗಳು, ಪಟ್ಟೆಗಳ ಅಂಚಿಗೆ ಹಿಮ. ವಿಭೂತಿ ಧರಿಸಿದ ಹಣೆಯಂತೆ ಭಕ್ತರಿಗೆ ಕಾಣುವ ಈ ಪಟ್ಟೆಗಳು ಭೂವಿಜ್ಞಾನಿಗೆ ಬೇರೊಂದು ಕಥೆ ಹೇಳುತ್ತವೆ. ಕೈಲಾಸ ಜ್ವಾಲಾಮುಖಿಯಲ್ಲ, ಒಂದೇ ಬಂಡೆಯೂ ಅಲ್ಲ. ಹಳೆಯ ನದಿಗಳು ಉರುಳಿಸಿ ತಂದ ನುಣುಪುಗಲ್ಲು, ಮರಳುಗಳು ಪದರಪದರವಾಗಿ ಕೂತು ಗಾರೆಯಂತೆ ಬೆಸೆದು ಗಟ್ಟಿಯಾದ ಶಿಲೆ ಅದು. ಅದರ ವಯಸ್ಸು ಸುಮಾರು ಎರಡೂವರೆ ಕೋಟಿ ವರ್ಷ. ಹುಣಸೂರು, ಪಿರಿಯಾಪಟ್ಟಣಗಳ ಹೊಲದಲ್ಲಿ ನೇಗಿಲಿಗೆ ತಗಲುವ ಕಲ್ಲಿನ ವಯಸ್ಸು 300 ಕೋಟಿ ವರ್ಷದಷ್ಟು. ಕೈಲಾಸವು ನಮ್ಮ ಹೊಲದ ಬಂಡೆಯ ಮುಂದೆ ನೆನ್ನೆ ಹುಟ್ಟಿದ ಮಗು.

ಸ್ವಿಸ್ ಭೂವಿಜ್ಞಾನಿ ಆಗಸ್ಟೋ ಗಾನ್ಸರ್ 1936ರಲ್ಲಿ ಬೌದ್ಧ ಯಾತ್ರಿಯ ವೇಷದಲ್ಲಿ ಇಲ್ಲಿಗೆ ಬಂದು, ನಿಲುವಂಗಿಯೊಳಗೆ ಉಪಕರಣಗಳನ್ನು ಅಡಗಿಸಿಕೊಂಡು ಪ್ರದಕ್ಷಿಣೆ ಹಾಕಿದ. ಕೈಲಾಸದ ದಕ್ಷಿಣಕ್ಕೆ ಅವನಿಗೆ ಸಿಕ್ಕಿದ್ದು ಸಾಗರದ ತಳದಲ್ಲಿ ಮಾತ್ರ ಹುಟ್ಟುವ ಶಿಲೆಗಳು. ದಕ್ಷಿಣದಿಂದ ತೇಲಿಬಂದ ಭಾರತದ ನೆಲ ಏಷ್ಯಾಕ್ಕೆ ಬೆಸೆದುಕೊಂಡ ಹೊಲಿಗೆಯ ಗುರುತು ಅದೆಂದು ಮುಂದೆ ತಿಳಿಯಿತು.

ಎರಡನೆಯ ದಿನ ಕತ್ತಲಲ್ಲಿಯೇ ಹೊರಡಬೇಕು. ಏರು ಉದ್ದವೇನಲ್ಲ. ಬೆಟ್ಟದಪುರದ ಬೆಟ್ಟದಷ್ಟು ಕಡಿದಾಗಿಯೂ ಇಲ್ಲ. ಆದರೆ ಹತ್ತು ಹೆಜ್ಜೆಗೆ ನಿಲ್ಲಬೇಕು. ನೆತ್ತಿ ಹತ್ತಿರವಾದಂತೆ ಐದು ಹೆಜ್ಜೆಗೆ. ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಊರಿನಲ್ಲಿ 95ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡುತ್ತಿದ್ದರಲ್ಲ, ಇಲ್ಲಿ ಚೆನ್ನಾಗಿ ಹೊಂದಿಕೊಂಡವರಿಗೂ ಅದು 80ರ ಸುತ್ತಮುತ್ತ, ಕೆಲವರಿಗೆ ಅದಕ್ಕೂ ಕೆಳಗೆ ತೋರಿಸುತ್ತದೆ. ಮಾತಾಡುತ್ತ ನಡೆಯಲು ಆಗುವುದಿಲ್ಲ. ಆದ್ದರಿಂದ ದಾರಿಯಲ್ಲೆಲ್ಲ ಮೌನ. ಅದು ಭಕ್ತಿಯೋ ದಮ್ಮಿಲ್ಲದ್ದೋ ಎಂದು ಬೇರ್ಪಡಿಸುವುದು ಕಷ್ಟ. ತಂಡದ ನಡಿಗೆಯನ್ನು ಇಲ್ಲಿ ನಿಶ್ಚಯಿಸುವವರು ಮುಂದೆ ಹೋಗುವವರಲ್ಲ, ಕಡೆಯಲ್ಲಿ ಬರುವವರು. ಕುದುರೆಯ ಮೇಲೆ ಬಂದವರೂ ಆಚೆ ಬದಿಯ ಇಳಿತದಲ್ಲಿ ಇಳಿದು ನಡೆಯಲೇಬೇಕು. ಗೌರೀಕುಂಡದ ಮೇಲಿನ ಆ ಕಲ್ಲುರಾಶಿಯಲ್ಲಿ ಕುದುರೆ ಸವಾರಿ ಆಗದು.

ನೆತ್ತಿಯಲ್ಲಿ ಒಂದು ದೊಡ್ಡ ಬಂಡೆ. ಅದರ ಮೇಲೆ, ಸುತ್ತ ಬೈಲಕುಪ್ಪೆಯಲ್ಲಿ ಕಂಡವೇ ಐದು ಬಣ್ಣದ ಪತಾಕೆಗಳು, ಸಾವಿರಗಟ್ಟಲೆ. ಐದು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲು ಸಂಪರ್ಕಾಧಿಕಾರಿ ಬಿಡುವುದಿಲ್ಲ.

ಹೀಗೆ ಭಾರತದವರು ತಡವರಿಸುತ್ತ ಏರುವಾಗ ಪಕ್ಕದಲ್ಲಿಯೇ ಟಿಬೆಟ್ಟಿನ ಹೆಂಗಸರು ಬೆನ್ನಿಗೆ ಮಗು ಕಟ್ಟಿಕೊಂಡು ಹಾಡುತ್ತ ಮುಂದೆ ಸಾಗುತ್ತಾರೆ. 52 ಕಿಲೋಮೀಟರನ್ನು ಅವರಲ್ಲಿ ಅನೇಕರು ಒಂದೇ ಹಗಲಿನಲ್ಲಿ ಮುಗಿಸುತ್ತಾರೆ. ಅಡ್ಡಬಿದ್ದು ಎದ್ದು, ಮತ್ತೆ ಅಡ್ಡಬಿದ್ದು, ಮೈಯಳತೆಯಲ್ಲಿಯೇ ದಾರಿಯನ್ನೆಲ್ಲ ಅಳೆಯುವವರಿಗೆ ವಾರಗಳು ಬೇಕು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಕುದುರೆ ವರ್ಷದಲ್ಲಿ ಒಂದು ಸುತ್ತಿಗೆ ಹದಿಮೂರು ಸುತ್ತಿನ ಫಲ ಎಂಬುದು ಅವರ ನಂಬಿಕೆ. 2002, 2014 ಅಂಥ ವರ್ಷಗಳು, 2026 ಕೂಡ.

ಅವರಿಗೆ ಉಸಿರು ಏಕೆ ಸಾಕಾಗುತ್ತದೆ ಎಂಬುದಕ್ಕೆ 2010ರಲ್ಲಿ ಒಂದು ಉತ್ತರ ಸಿಕ್ಕಿತು. ಇಪಿಎಎಸ್-1 ಎಂಬ ವಂಶವಾಹಿಯ ಒಂದು ವಿಶೇಷ ರೂಪ ಬಹುತೇಕ ಟಿಬೆಟನ್ನರಲ್ಲಿದೆ. ಬಯಲುಸೀಮೆಯವರು ಎತ್ತರದಲ್ಲಿ ಬಹುಕಾಲ ನೆಲೆಸಿದರೆ ಕೆಂಪು ಕಣ ಮಿತಿಮೀರಿ ರಕ್ತವೇ ಗಟ್ಟಿಯಾಗಿ ತೊಂದರೆ ಕೊಡುತ್ತದೆ. ಟಿಬೆಟನ್ನರಲ್ಲಿ ಈ ವಂಶವಾಹಿ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ಗುರುತು ಸಿಕ್ಕ, ಅಳಿದುಹೋದ ಮಾನವ ಕುಲವೊಂದರಿಂದ ಅದು ಬಂದಿದೆ ಎಂದು 2014ರಲ್ಲಿ ತಿಳಿಯಿತು. ಬೈಲಕುಪ್ಪೆಯಲ್ಲಿ, ಹುಣಸೂರಿನ ಗುರುಪುರದಲ್ಲಿ ಹುಟ್ಟಿ, ಎಂಟುನೂರು ಮೀಟರಿಗಿಂತ ಹೆಚ್ಚು ಎತ್ತರವನ್ನೇ ಕಾಣದ ಟಿಬೆಟನ್ ಮಕ್ಕಳ ರಕ್ತದಲ್ಲಿಯೂ ಆ ಬೆಟ್ಟಗಳ ಗುರುತು ಉಳಿದಿದೆ.

ಇಳಿದು ಬಂದವರು

ಆ ಮಕ್ಕಳ ಅಜ್ಜ ಅಜ್ಜಿಯರದು ಯಾತ್ರಿಗಳ ದಾರಿಗೆ ತದ್ವಿರುದ್ಧ. 1959ರ ನಂತರ ಹಿಮಾಲಯದ ಕಣಿವೆದಾರಿಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಅವರು ಭಾರತಕ್ಕೆ ಬಂದರು. ಅಂದಿನ ಮೈಸೂರು ಸರಕಾರ 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಕಾಡಿನ ಸೆರಗಿನಲ್ಲಿ ಸುಮಾರು ಮೂರು ಸಾವಿರ ಎಕರೆ ಜಮೀನು ಕೊಟ್ಟಿತು. ಡೇರೆ ಹಾಕಿಕೊಂಡು ಮರ ಕಡಿದು, ಆನೆ ಓಡಿಸಿ, ಜೋಳ ಬಿತ್ತಿದರು. ತಣ್ಣನೆಯ ಒಣಹವೆಯ ದೇಹಕ್ಕೆ ಇಲ್ಲಿನ ಸೆಕೆ, ಬಿಸಿಲು, ಕಾಯಿಲೆಗಳು ತಡೆಯಲಿಲ್ಲ. ಮೊದಲ ವರ್ಷಗಳಲ್ಲಿ ಬಹಳ ಮಂದಿ ತೀರಿಕೊಂಡರು. ಏರುವುದಕ್ಕೆ ಮಾತ್ರವಲ್ಲ, ಇಳಿಯುವುದಕ್ಕೂ ಹೊಂದಿಕೆ ಬೇಕು. ಆ ಹೊಂದಿಕೆಗೆ ಅವರಿಗೆ ಗುಂಜಿಯಂಥ ತಂಗುದಾಣ ಇರಲಿಲ್ಲ. 1963ರಲ್ಲಿ ನಾಮ್‌ಡ್ರೋಲಿಂಗ್ ವಿಹಾರ ಆರಂಭವಾಯಿತು. ಶಾಲಾ ಪ್ರವಾಸದ ಬಸ್ಸುಗಳು ಇಂದು ಸಾಲುಗಟ್ಟಿ ನಿಲ್ಲುವ ಚಿನ್ನದ ಬಣ್ಣದ ಬುದ್ಧಮಂದಿರ ಅಲ್ಲಿಯದೇ.

ಕೈಲಾಸದ ಸರಕಾರಿ ಯಾತ್ರೆಗೆ ಭಾರತದ ಪಾಸ್‌ಪೋರ್ಟ್ ಬೇಕು. ಶಿಬಿರಗಳ ಹೆಚ್ಚಿನವರ ಬಳಿ ಇರುವುದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ. ಹೀಗಾಗಿ ಹುಣಸೂರಿನ ಅಂಗಡಿಯವರು, ಕೃಷ್ಣರಾಜನಗರದ ರೈತರು ಲಾಟರಿ ಬಂದರೆ ನೋಡಬಹುದಾದ ಆ ಬೆಟ್ಟವನ್ನು, ಅದರ ಕಡೆಯಿಂದಲೇ ಬಂದ ಪಕ್ಕದೂರಿನವರು ನೋಡಲಾರರು.

1959ರಲ್ಲಿ ತಾಯಿಯ ಬೆನ್ನ ಮೇಲೆ ಕಣಿವೆ ದಾಟಿದ ಹಸುಳೆಗಳಿಗೂ ಈಗ ಅರವತ್ತೈದು ಮೀರಿದೆ; ಅಂದು ಹತ್ತು ವರ್ಷದವರಾಗಿ ನಡೆದು ಬಂದವರಿಗೆ ಎಪ್ಪತ್ತೈದರ ಮೇಲೆ. ಯಾತ್ರೆಯ ವಯೋಮಿತಿ ಎಪ್ಪತ್ತು. ಬಿಸಿಲಿಳಿದ ಮೇಲೆ ಬೈಲಕುಪ್ಪೆಗೆ ಹೋದರೆ ಅಂಥ ವೃದ್ಧರು ವಿಹಾರಗಳ ಗೋಡೆಯ ಸುತ್ತ, ಸಾಲಾಗಿ ನಿಲ್ಲಿಸಿದ ಜಪಚಕ್ರಗಳನ್ನು ಒಂದೊಂದಾಗಿ ತಿರುಗಿಸುತ್ತ ಪ್ರದಕ್ಷಿಣೆ ಬರುವುದು ಕಾಣುತ್ತದೆ. ಅದಕ್ಕೆ ಅವರು ಹೇಳುವ ಹೆಸರು ಕೋರಾ. ಕೈಲಾಸದ 52 ಕಿಲೋಮೀಟರ್ ಸುತ್ತಿಗೂ ಅದೇ ಹೆಸರು.